ತೊಲೆಯ ಮೈಮೇಲೆ ಯಾವೂರ ಹೆಸರು?

ಮುಂದಿನ ಸಲ ಹಳೇ ರೈಲ್ವೆ ಸ್ಟೇಷನ್ನಿಗೋ, ಬ್ರಿಟಿಷರ ಕಾಲದ ಕಚೇರಿಗೋ ಹೋದಾಗ ಒಂದು ನಿಮಿಷ ತಲೆಯೆತ್ತಿ ಸೂರು ನೋಡಿ. ಎರಡು ಮೂರು ಅಡಿಗೊಂದರಂತೆ ಕಬ್ಬಿಣದ ಗರ್ಡರ್, ಎರಡು ಗರ್ಡರಿನ ನಡುವೆ ಇಟ್ಟಿಗೆಯ ಪುಟ್ಟ ಕಮಾನು. ಇದಕ್ಕೆ ಜ್ಯಾಕ್ ಆರ್ಚ್ ಅಂತಾರೆ. ಬಣ್ಣ ಉದುರಿದ ಕಡೆ ಗರ್ಡರಿನ ಮೈಮೇಲೆ ಉಬ್ಬಕ್ಷರಗಳು ಕಾಣಿಸಿದರೆ ಓದಿ. ಅನೇಕ ಕಡೆ 'ಡೋರ್ಮನ್ ಲಾಂಗ್, ಮಿಡಲ್ಸ್‌ಬರೋ, ಇಂಗ್ಲೆಂಡ್' ಅಂತ ಇರುತ್ತೆ. ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದ ಕಂಪನಿ ಅದು. ನಮ್ಮ ತಾಲ್ಲೂಕು ಕಚೇರಿಯ ಸೂರನ್ನು ಹೊತ್ತಿರುವ ತೊಲೆ ಆರೇಳು ಸಾವಿರ ಮೈಲಿ ಹಡಗಿನಲ್ಲಿ ಬಂದದ್ದು.

ಇಂಜಿನಿಯರಿಂಗ್ ಪುಸ್ತಕದಲ್ಲಿ ತೊಲೆ ಆರಿಸೋದು ಒಂದು ಲೆಕ್ಕ. ಭಾರ ಎಷ್ಟು, ಅಂತರ ಎಷ್ಟು, ಎಷ್ಟು ಬಾಗಿದರೆ ಪರವಾಗಿಲ್ಲ, ಇಷ್ಟು ಗೊತ್ತಾದರೆ ಟೇಬಲ್ ತೆಗೆದು ಒಂದು ಸಾಲಿಗೆ ಬೆರಳಿಟ್ಟರೆ ಮುಗಿಯಿತು. ಆದರೆ ಆ ಟೇಬಲ್ಲಿನಲ್ಲಿ ಈ ಸಾಲುಗಳು ಮಾತ್ರ ಯಾಕಿವೆ? ಬೇರೆ ಆಕಾರಗಳು ಎಲ್ಲಿ ಹೋದವು? ನಾನು ಇಂಜಿನಿಯರ್ ಅಲ್ಲ, ಡೇಟಾ ಜೊತೆ ಕೆಲಸ ಮಾಡುವವನು. ಯಾವುದೇ ಟೇಬಲ್ ಕಂಡರೂ ಇದನ್ನು ಯಾರು, ಯಾವಾಗ, ಏನನ್ನು ಉಳಿಸೋಕೆ ಅಂತ ಮಾಡಿದರು ಎಂದು ಕೇಳೋದು ಅಭ್ಯಾಸ. ಹಾಗೆ ಕೇಳುತ್ತಾ ಹೋದರೆ ಈ ಕಥೆ ಮೈಸೂರಿನಿಂದ ಹಿಡಿದು ನಾನೀಗ ಇರುವ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ವರೆಗೆ ಬರುತ್ತೆ.

ಸ್ಕೇಲಿನ ಪಾಠ

ಮೊದಲು ಒಂದು ಸಣ್ಣ ಪ್ರಯೋಗ. ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ನಡುವೆ ಬೆರಳಿನಿಂದ ಒತ್ತಿ. ಬಾಗುತ್ತೆ. ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಜಗ್ಗೋದಿಲ್ಲ. ಗೆಲಿಲಿಯೋ 1638ರ ತನ್ನ ಕೊನೆಯ ಪುಸ್ತಕದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದ. ತೊಲೆಯ ಅಗಲ ಎರಡು ಪಟ್ಟಾದರೆ ಅದರ ಗಡಸು ಎರಡೇ ಪಟ್ಟು. ಎತ್ತರ ಎರಡು ಪಟ್ಟಾದರೆ ಎಂಟು ಪಟ್ಟು. ನಮ್ಮ ಬಡಗಿಗಳಿಗೆ ಇದು ಸೂತ್ರವಿಲ್ಲದೆಯೇ ಗೊತ್ತಿತ್ತು. ಜಂತಿಯನ್ನು ಅವರು ಯಾವತ್ತೂ ಮಲಗಿಸಿ ಇಡೋದಿಲ್ಲ, ನಿಲ್ಲಿಸಿಯೇ ಇಡ್ತಾರೆ.

ತೊಲೆ ಬಾಗುವಾಗ ಮೇಲಿನ ಪದರ ಒತ್ತಿಕೊಳ್ಳುತ್ತೆ, ಕೆಳಗಿನ ಪದರ ಹಿಗ್ಗುತ್ತೆ, ನಡುವಿನದಕ್ಕೆ ಅಷ್ಟೇನೂ ಕೆಲಸವಿಲ್ಲ. ಹಾಗಾದರೆ ನಡುವಿನ ಲೋಹ ಯಾಕೆ ದಂಡ ಮಾಡಬೇಕು? ಅದನ್ನು ತೆಳುವಾಗಿಸಿ, ಉಳಿದದ್ದನ್ನು ಮೇಲಕ್ಕೂ ಕೆಳಕ್ಕೂ ಹಂಚಿದರೆ ಇಂಗ್ಲಿಷಿನ 'ಐ' ಅಕ್ಷರ ಸಿಗುತ್ತೆ. ಮೇಲೆ ಕೆಳಗಿನ ಪಟ್ಟಿಗೆ ಫ್ಲ್ಯಾಂಜ್, ನಡುವಿನ ಗೋಡೆಗೆ ವೆಬ್. ಇಡೀ ಐ-ಬೀಮಿನ ತತ್ವ ಇಷ್ಟೇ.

ಆದರೆ ಸ್ಕೇಲು ಇನ್ನೊಂದು ಪಾಠವನ್ನೂ ಹೇಳುತ್ತೆ. ಅಂಚಿನ ಮೇಲೆ ನಿಲ್ಲಿಸಿ ಜೋರಾಗಿ ಒತ್ತಿದರೆ ಅದು ಕೆಳಕ್ಕೆ ಬಾಗೋದಿಲ್ಲ, ಪಕ್ಕಕ್ಕೆ ತಿರುಚಿಕೊಂಡು ಬೀಳುತ್ತೆ. ಎತ್ತರ ಜಾಸ್ತಿ ಮಾಡ್ತಾ ಹೋದರೆ ಬಾಗುವ ಭಯ ಕಡಿಮೆ, ತಿರುಚುವ ಭಯ ಜಾಸ್ತಿ. ಎಲ್ಲ ತೊಲೆಗಳ ಆಯ್ಕೆಯೂ ಈ ಎರಡು ಭಯಗಳ ನಡುವಿನ ರಾಜಿ.

ಗ್ಲಾಸ್ಗೋದಿಂದ ಬಂದ ಕಂಬ

ಮೈಸೂರು ಅರಮನೆಯಿಂದಲೇ ಶುರು ಮಾಡೋಣ. 1897ರಲ್ಲಿ ಮದುವೆ ಸಂಭ್ರಮದ ನಡುವೆ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದನ್ನು ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್‌ಗೆ ಬೆಂಕಿಗೆ ಜಗ್ಗದ ಕಟ್ಟಡ ಬೇಕಿತ್ತು. 1912ಕ್ಕೆ ಮುಗಿದ ಆ ಅರಮನೆಯ ಕಲ್ಯಾಣ ಮಂಟಪದಲ್ಲಿ ನೀವು ನೋಡಿರುವ ನವಿಲು ಬಣ್ಣದ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದವು. ಅದಕ್ಕೂ ಮೊದಲೇ, 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನಮನೆಯ ಕಬ್ಬಿಣವೂ ಅದೇ ಫೌಂಡ್ರಿಯದು.

ಕಂಬಕ್ಕೆ ಎರಕದ ಕಬ್ಬಿಣ ಸರಿ. ಒತ್ತಿದರೆ ಅದು ಕಲ್ಲಿನ ಹಾಗೆ ತಡೆದುಕೊಳ್ಳುತ್ತೆ. ಎಳೆದರೆ ಸೀಮೆಸುಣ್ಣದ ಹಾಗೆ ಮುರಿಯುತ್ತೆ. ತೊಲೆಯ ಕೆಳಭಾಗದಲ್ಲಿ ಎಳೆತವೇ ಇರೋದು. ಮ್ಯಾಂಚೆಸ್ಟರಿನ ಈಟನ್ ಹಾಡ್ಜ್‌ಕಿನ್‌ಸನ್ 1830ರ ಆಸುಪಾಸು ಪ್ರಯೋಗ ಮಾಡಿ, ಎರಕದ ತೊಲೆಯ ಕೆಳಗಿನ ಫ್ಲ್ಯಾಂಜ್ ಮೇಲಿನದಕ್ಕಿಂತ ಸುಮಾರು ಆರು ಪಟ್ಟು ದೊಡ್ಡದಿರಬೇಕು ಅಂತ ತೋರಿಸಿದ. ಅದೂ ಸಾಲಲಿಲ್ಲ. 1847ರ ಮೇ 24ರಂದು ಚೆಸ್ಟರ್ ಬಳಿಯ ಡೀ ನದಿಯ ರೈಲ್ವೆ ಸೇತುವೆಯ ಎರಕದ ಗರ್ಡರ್ ರೈಲು ದಾಟುವಾಗಲೇ ತುಂಡಾಗಿ ಐವರು ಸತ್ತರು. ಸೇತುವೆಯ ವಿನ್ಯಾಸ ಆ ಕಾಲದ ಅತಿ ಹೆಸರಾಂತ ಇಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್‌ದು. ಅಲ್ಲಿಂದ ತೊಲೆಗೆ ಎರಕ ಬೇಡ, ಬಡಿದು ಎಳೆದ ಮೆದುಕಬ್ಬಿಣ ಬೇಕು ಎಂಬ ಮಾತು ಗಟ್ಟಿಯಾಯಿತು. 1840ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ರೋಲರುಗಳ ನಡುವೆ ಐ-ಬೀಮ್ ಉರುಳಿಸತೊಡಗಿದರು. 1885ರ ಹೊತ್ತಿಗೆ ಶಿಕಾಗೋದ ಹೋಮ್ ಇನ್ಶೂರೆನ್ಸ್ ಕಟ್ಟಡದ ಮೇಲಂತಸ್ತುಗಳಲ್ಲಿ ಕಬ್ಬಿಣದ ಬದಲು ಉಕ್ಕಿನ ತೊಲೆಗಳು ಕೂತವು.

ಓರೆ ಫ್ಲ್ಯಾಂಜ್, ನೇರ ಫ್ಲ್ಯಾಂಜ್

ಹಳೇ ಗರ್ಡರಿನ ಫ್ಲ್ಯಾಂಜನ್ನು ಒಳಗಡೆಯಿಂದ ಮುಟ್ಟಿ ನೋಡಿ. ಅದು ವೆಬ್ಬಿನ ಹತ್ತಿರ ದಪ್ಪ, ಅಂಚಿಗೆ ಹೋಗ್ತಾ ತೆಳು. ಯಾಕೆ ಹೀಗೆ? ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾದು ಕೆಂಪಾದ ಉಕ್ಕನ್ನು ಎರಡು ರೋಲರುಗಳ ನಡುವಿನ ಗಾಡಿಯಲ್ಲಿ ಒತ್ತಿ ಆಕಾರ ಕೊಡುವಾಗ, ಆಚೆ ಸಲೀಸಾಗಿ ಬಿಟ್ಟುಕೊಳ್ಳಬೇಕು ಅಂದರೆ ಗಾಡಿ ಓರೆ ಇರಬೇಕು. ಮನೆಯಲ್ಲಿ ಇಡ್ಲಿ ತಟ್ಟೆಯ ಗುಳಿ ನೇರ ಗೋಡೆಯದಾಗಿದ್ದರೆ ಇಡ್ಲಿ ಏಳುತ್ತಿರಲಿಲ್ಲ, ಅದೇ ಕಾರಣ. ಅದೇ ಕಾರಣಕ್ಕೆ ಫ್ಲ್ಯಾಂಜನ್ನು ತುಂಬಾ ಅಗಲ ಮಾಡೋದಕ್ಕೂ ಆಗುತ್ತಿರಲಿಲ್ಲ.

ಈ ಮಿತಿಯನ್ನು ದಾಟಿದವನು ಹೆನ್ರಿ ಗ್ರೇ. ಆತನ ಮಿಲ್ಲಿನಲ್ಲಿ ಮಲಗಿದ ಎರಡು ರೋಲರ್ ಜೊತೆ ನಿಂತ ಎರಡು ರೋಲರ್, ನಾಲ್ಕೂ ಒಟ್ಟಿಗೆ ಒತ್ತುತ್ತವೆ. ಫ್ಲ್ಯಾಂಜ್ ಈಗ ಅಗಲವೂ ಆಗಬಹುದು, ಎರಡೂ ಮುಖ ಸಮಾನಾಂತರವೂ ಆಗಬಹುದು. ಅಮೆರಿಕದಲ್ಲಿ ಹುಟ್ಟಿದ ಆಲೋಚನೆ ಮೊದಲು ಕೈಗೂಡಿದ್ದು ಲಕ್ಸೆಂಬರ್ಗಿನ ಡಿಫರ್ಡಾಂಜ್ ಎಂಬ ಸಣ್ಣ ಊರಲ್ಲಿ, 1901ರಲ್ಲಿ. 1908ಕ್ಕೆ ಚಾರ್ಲ್ಸ್ ಶ್ವಾಬ್ ಅದನ್ನು ಬೆತ್ಲೆಹೆಮ್ ಸ್ಟೀಲ್‌ಗೆ ತಂದ. ಕಾರ್ಖಾನೆಯಲ್ಲಿ ಪಟ್ಟಿಗಳನ್ನು ರಿವೆಟ್ ಹೊಡೆದು ಕಂಬ ಮಾಡುವ ಬದಲು ಮಿಲ್ಲಿನಿಂದಲೇ ಒಂದೇ ತುಂಡಿನ ಎಚ್ ಆಕಾರದ ಕಂಬ ಬರತೊಡಗಿತು. ಡಿಫರ್ಡಾಂಜಿನ ಆ ಮಿಲ್ಲು ಈಗ ಆರ್ಸೆಲರ್ ಮಿತ್ತಲ್ ಕೈಯಲ್ಲಿದೆ, ಇವತ್ತಿಗೂ ಅದಕ್ಕೆ ಗ್ರೇ ಹೆಸರೇ.

ಐ ಮತ್ತು ಎಚ್ ನಡುವಿನ ವ್ಯತ್ಯಾಸ ಬರೀ ಅಕ್ಷರದ್ದಲ್ಲ. ನಮ್ಮ ಭಾರತೀಯ ಸ್ಟೀಲ್ ಟೇಬಲ್ಲಿನಿಂದಲೇ ಎರಡು ಸಾಲು ತಗೊಳ್ಳಿ. ಐಎಸ್‌ಎಂಬಿ 400 ಅಂದರೆ 400 ಮಿಲಿಮೀಟರ್ ಎತ್ತರ, 140 ಅಗಲದ ತೊಲೆ, ಮೀಟರಿಗೆ 61.6 ಕೆಜಿ. ಐಎಸ್‌ಎಚ್‌ಬಿ 300 ಅಂದರೆ 300 ಎತ್ತರ, 250 ಅಗಲ, ಮೀಟರಿಗೆ 58.8 ಕೆಜಿ. ಹೆಚ್ಚುಕಮ್ಮಿ ಒಂದೇ ತೂಕ, ಅಂದರೆ ಹೆಚ್ಚುಕಮ್ಮಿ ಒಂದೇ ದುಡ್ಡು. ಕೆಳಕ್ಕೆ ಬಾಗೋದನ್ನು ತಡೆಯುವ ವಿಷಯದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಶೇಕಡಾ 63ರಷ್ಟು ಗಡುಸು. ಪಕ್ಕಕ್ಕೆ ಬಾಗುವ ವಿಷಯದಲ್ಲಿ ಎರಡನೆಯದು ಮೊದಲನೆಯದರ ಮೂರೂವರೆ ಪಟ್ಟು ಗಡುಸು. ಹಾಗಾಗಿ ಮೇಲೆ ಸ್ಲ್ಯಾಬ್ ಕೂತು ಪಕ್ಕಕ್ಕೆ ಹೊರಳದಂತೆ ಹಿಡಿದುಕೊಂಡಿದ್ದರೆ ಐ ಆಕಾರವೇ ಲಾಭ. ಯಾವ ಕಡೆಗೆ ಬೇಕಾದರೂ ಬಾಗಬಹುದಾದ ಕಂಬಕ್ಕೆ, ಅಥವಾ ಪಕ್ಕದ ಆಸರೆ ಇಲ್ಲದ ಒಂಟಿ ತೊಲೆಗೆ ಎಚ್ ಲಾಭ. ಮನೆ ಕಟ್ಟಿಸುವವರು 'ಯಾವುದು ಸ್ಟ್ರಾಂಗು?' ಅಂತ ಕೇಳಿದರೆ ಮೇಸ್ತ್ರಿ ವಾಪಸ್ ಕೇಳಬೇಕಾದ ಪ್ರಶ್ನೆ: 'ಯಾವ ಕಡೆಗೆ?'

ಭದ್ರಾವತಿಯ ಇದ್ದಿಲು

ಈಗ ನಮಗೆ ಚುರುಕ್ ಅನ್ನುವ ಪ್ರಶ್ನೆ. ಮಿಡಲ್ಸ್‌ಬರೋ, ಡಿಫರ್ಡಾಂಜ್, ಆಮೇಲೆ ಜಮ್‌ಶೆಡ್‌ಪುರ. ಈ ಸಾಲಿನಲ್ಲಿ ಭದ್ರಾವತಿ ಯಾಕಿಲ್ಲ?

ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ, 1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯದು. ಅದಿರು ಒಳ್ಳೇದಿತ್ತು, ನೀರಿತ್ತು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ ಕುಲುಮೆ ಉರಿಸಿದರು. ಆ ಕಾಲಕ್ಕೆ ಅದೊಂದು ಜಾಣ ಉಪಾಯವೇ. ಮರ ಸುಡುವಾಗ ಬರುವ ಉಪ ಉತ್ಪನ್ನಗಳನ್ನೂ ಹಿಡಿದು ಮಾರುವ ವ್ಯವಸ್ಥೆ ಇತ್ತು. 1936ಕ್ಕೆ ಉಕ್ಕಿನ ಘಟಕವೂ ಬಂತು.

ಆದರೆ ದೊಡ್ಡ ತೊಲೆಯ ಮಿಲ್ಲಿನ ಹಸಿವೇ ಬೇರೆ. ಪ್ರತಿ ಅಳತೆಗೂ ಬೇರೆ ರೋಲರ್ ಹಾಕಬೇಕು. ರೋಲರ್ ಬದಲಿಸಿದ ಮೇಲೆ ಗಿಟ್ಟಬೇಕಾದರೆ ಅದೇ ಅಳತೆಯನ್ನು ರಾಶಿಗಟ್ಟಲೆ ಉರುಳಿಸಬೇಕು. ಅಷ್ಟು ಉಕ್ಕನ್ನು ಒಂದೇ ಸಮನೆ ಕೊಡೋಕೆ ಕಾಡಿನ ಮರ ನಂಬಿದ ಕುಲುಮೆಯಿಂದ ಆಗೋದಿಲ್ಲ. ಮರ ಬೆಳೆಯೋಕೆ ದಶಕಗಳು ಬೇಕು, ಕುಲುಮೆಗೆ ದಿನವೂ ಬೇಕು. ಭದ್ರಾವತಿ ಎರಕದ ಪೈಪಿಗೆ, ಮುಂದೆ ವಿಶೇಷ ಮಿಶ್ರ ಉಕ್ಕಿಗೆ ಹೆಸರಾಯಿತು, ದೊಡ್ಡ ಗರ್ಡರುಗಳ ಊರಾಗಿ ಬೆಳೆಯಲಿಲ್ಲ. ಅತ್ತ ಕಲ್ಲಿದ್ದಲಿನ ಪಕ್ಕದಲ್ಲೇ ಇದ್ದ ಟಾಟಾ ಕಾರ್ಖಾನೆ 1943ರಲ್ಲಿ ತೆರೆದ ಹೌರಾ ಸೇತುವೆಯ 26,500 ಟನ್‌ನಲ್ಲಿ ಸುಮಾರು 23,000 ಟನ್ ಉಕ್ಕನ್ನು ತಾನೇ ಕೊಟ್ಟಿತು.

1998ರಲ್ಲಿ ಭದ್ರಾವತಿ ಪೂರ್ತಿಯಾಗಿ ಭಾರತೀಯ ಉಕ್ಕು ಪ್ರಾಧಿಕಾರದೊಳಗೆ ಸೇರಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಕಾರ್ಖಾನೆ ಅಂದರೆ ಯಂತ್ರಗಳಷ್ಟೇ ಆಗಿದ್ದರೆ ಈ ಸುದ್ದಿಗೆ ಯಾರೂ ಕಣ್ಣೀರು ಹಾಕುತ್ತಿರಲಿಲ್ಲ. ಅದರ ಅರ್ಥ ಕೊನೆಯ ಭಾಗದಲ್ಲಿ ಗೊತ್ತಾಗುತ್ತೆ.

ಒಂದು ಟೇಬಲ್ಲಿನ ಆಸೆ

ಐಎಸ್‌ಎಂಬಿ, ಐಎಸ್‌ಎಲ್‌ಬಿ, ಐಎಸ್‌ಡಬ್ಲ್ಯೂಬಿ ಎಂಬ ಹೆಸರುಗಳು ಎಲ್ಲಿಂದ ಬಂದವು? ಸ್ವಾತಂತ್ರ್ಯ ಬಂದಾಗ ನಮ್ಮ ಮಿಲ್ಲುಗಳು ಬ್ರಿಟಿಷ್ ಅಳತೆಯ ತೊಲೆಗಳನ್ನೇ ಉರುಳಿಸುತ್ತಿದ್ದವು. ದೇಶದಲ್ಲಿ ಉಕ್ಕು ಸಾಕಾಗುತ್ತಿರಲಿಲ್ಲ, ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. 1950ರಲ್ಲಿ ಭಾರತೀಯ ಮಾನಕ ಸಂಸ್ಥೆ 'ಉಕ್ಕಿನ ಮಿತವ್ಯಯ' ಯೋಜನೆ ಕೈಗೆತ್ತಿಕೊಂಡಿತು. ಕಡಿಮೆ ತೂಕದಲ್ಲಿ ಹೆಚ್ಚು ಕೆಲಸ ಮಾಡುವ ಆಕಾರಗಳನ್ನು ಲೆಕ್ಕ ಹಾಕಿ ಹೊಸ ಪಟ್ಟಿ ಮಾಡಿದರು. 1957ರಲ್ಲಿ ಐಎಸ್ 808 ಹೊರಬಂತು. ನಿಮ್ಮ ಇಂಜಿನಿಯರ್ ಬಳಿ ಇರುವ ಹಸಿರೋ ನೀಲಿಯೋ ಬಣ್ಣದ ಸ್ಟೀಲ್ ಟೇಬಲ್ ಪುಸ್ತಕ ಅದರ ಸಂತಾನ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಆ ಪಟ್ಟಿ ಒಂದು ಆಪ್ಟಿಮೈಸೇಶನ್ನಿನ ಉತ್ತರ. ಕಡಿಮೆ ಮಾಡಬೇಕಿದ್ದದ್ದು ಕಿಲೋ. ಕೂಲಿ ಅಗ್ಗ, ಸಮಯ ಅಗ್ಗ, ಲೋಹ ತುಟ್ಟಿ. ಆದ್ದರಿಂದ ಓರೆ ಫ್ಲ್ಯಾಂಜ್ ಹಾಗೇ ಉಳಿಯಿತು. ಅದಕ್ಕೆ ಬೋಲ್ಟ್ ಹಾಕುವಾಗ ಓರೆ ವಾಷರ್ ಇಟ್ಟು ಸರಿಮಾಡುವ ಹೆಚ್ಚುವರಿ ಕೆಲಸವನ್ನು ಪಟ್ಟಿ ಲೆಕ್ಕಕ್ಕೇ ತಗೊಳ್ಳಲಿಲ್ಲ. ಉಕ್ಕಿನ ಬೆಲೆ ಮತ್ತು ಹಂಚಿಕೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋಗಿದ್ದು 1992ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರಿನ ಇಂಜಿನಿಯರುಗಳು ಕಾಂಕ್ರೀಟಿನಲ್ಲೇ ಯೋಚಿಸೋದನ್ನು ಕಲಿತಿದ್ದರು. ನೇರ ಫ್ಲ್ಯಾಂಜಿನ ತೊಲೆಗಳು ಜಿಂದಾಲ್‌ನ ರಾಯಗಢ ಮಿಲ್ಲಿನಿಂದ ಬರತೊಡಗಿದ್ದು ಈ ಶತಮಾನದಲ್ಲಿ. ಡಿಫರ್ಡಾಂಜಿನ ನೂರು ವರ್ಷದ ನಂತರ.

2016ರಲ್ಲಿ ಬೆಂಗಳೂರಲ್ಲಿ 'ಸ್ಟೀಲ್ ಫ್ಲೈಓವರ್ ಬೇಡ' ಅಂತ ಸಾವಿರಾರು ಜನ ಕೈಕೈ ಹಿಡಿದು ನಿಂತದ್ದು ನೆನಪಿರಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್. 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಜನರ ಸಿಟ್ಟು ಮರಗಳ ಬಗ್ಗೆ, ಖರ್ಚಿನ ಬಗ್ಗೆ, ಕೇಳದೆ ತೀರ್ಮಾನಿಸಿದ್ದರ ಬಗ್ಗೆ ಇತ್ತು. ಘೋಷಣೆಯಲ್ಲಿ ಬೈಸಿಕೊಂಡದ್ದು ಪಾಪ, ಸ್ಟೀಲು. ಆಮೇಲೆ 2022ರಲ್ಲಿ ಶಿವಾನಂದ ವೃತ್ತದಲ್ಲಿ ಚಿಕ್ಕದೊಂದು ಉಕ್ಕಿನ ಮೇಲ್ಸೇತುವೆ ತೆರೆಯಿತು, ಅಷ್ಟು ದೊಡ್ಡ ಗಲಾಟೆಯಾಗಲಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನ ಕಿಟಕಿ

ನಾನಿರುವ ಬೀದಿಯ ಅಧಿಕೃತ ಹೆಸರು ಜಾಯೆದ್ ದಿ ಫಸ್ಟ್ ಸ್ಟ್ರೀಟ್. ಟ್ಯಾಕ್ಸಿಯವರಿಗೆ ಹಾಗೆ ಹೇಳಿದರೆ ಒಂದು ಕ್ಷಣ ಯೋಚಿಸ್ತಾರೆ, ಎಲೆಕ್ಟ್ರಾ ಅಂದರೆ ಹೊರಟೇಬಿಡ್ತಾರೆ. ಎರಡೂ ಬದಿ ಎಂಬತ್ತು ತೊಂಬತ್ತರ ದಶಕದ ಕಟ್ಟಡಗಳು, ಕೆಳಗೆ ಮೊಬೈಲ್ ಅಂಗಡಿ, ಕೆಫೆಟೇರಿಯ, ಟೈಲರ್. ನೋಡಿದಷ್ಟೂ ಕಾಂಕ್ರೀಟು. ಎಣ್ಣೆ ದುಡ್ಡಿನ ಊರು, ಬೇಕಾದ ತೊಲೆ ತರಿಸಬಹುದಿತ್ತು, ಯಾಕೆ ಇಲ್ಲ?

ಅಬುಧಾಬಿಯಿಂದ ಮೊದಲ ಎಣ್ಣೆ ಹಡಗು ಹೊರಟದ್ದು 1962ರಲ್ಲಿ. ಶೇಖ್ ಜಾಯೆದ್ ಆಡಳಿತ ವಹಿಸಿಕೊಂಡದ್ದು 1966ರಲ್ಲಿ. ದ್ವೀಪವನ್ನು ನೆಲಕ್ಕೆ ಜೋಡಿಸಿದ ಮಕ್ತಾ ಸೇತುವೆ 1968ರದು, ಉಕ್ಕಿನದು, ಕಟ್ಟಿದ್ದು ಆಸ್ಟ್ರಿಯಾದ ವಾಗ್ನರ್ ಬಿರೋ. ಸೇತುವೆಗೆ ಉಕ್ಕು, ಮನೆಗಳಿಗೆ ಕಾಂಕ್ರೀಟು ಎಂಬ ಭಾಗ ಆಗಲೇ ಆಗಿಹೋಯಿತು. ತೊಲೆ ಉರುಳಿಸುವ ಮಿಲ್ಲು ಸುತ್ತಮುತ್ತ ಇರಲಿಲ್ಲ. ಉಕ್ಕಿಗೆ ಉಪ್ಪುಗಾಳಿಯ ತುಕ್ಕಿನಿಂದ ರಕ್ಷಣೆ ಬೇಕು. ಸುಮಾರು 550 ಡಿಗ್ರಿ ಕಾದರೆ ಅದರ ಶಕ್ತಿ ಅರ್ಧದ ಹತ್ತಿರ ಇಳಿಯುತ್ತೆ, ಹಾಗಾಗಿ ಬೆಂಕಿಯಿಂದ ಕಾಪಾಡುವ ಹೊದಿಕೆ ಬೇಕು. ಕಾಂಕ್ರೀಟಿಗೆ ಬೇಕಾದದ್ದು ಮರಳು, ಜಲ್ಲಿ, ಸಿಮೆಂಟು, ಮತ್ತೆ ಕೈಗಳು. ಕೈಗಳು ನಮ್ಮ ಕಡೆಯಿಂದ ಬಂದವು. ಕೇರಳ, ತೆಲಂಗಾಣ, ಕರಾವಳಿ, ಪಾಕಿಸ್ತಾನ, ಬಾಂಗ್ಲಾದಿಂದ ಬಂದವರು ಹಲಗೆ ಬಡಿದು, ಕಂಬಿ ಕಟ್ಟಿ, ಮಹಡಿ ಮೇಲೆ ಮಹಡಿ ಎರಕ ಹೊಯ್ದರು.

ಈ ಟೇಬಲ್ಲಿನಲ್ಲಿ ಕಾಣದ ಸಾಲು ಯಾವುದು ಗೊತ್ತಾ? ಬಿಸಿಲು. ಉಕ್ಕಿನ ಕಟ್ಟಡದಲ್ಲಿ ಹೆಚ್ಚಿನ ಕೆಲಸ ಶೆಡ್ಡಿನ ನೆರಳಿನಲ್ಲಿ ನಡೆಯುತ್ತೆ, ಸೈಟಿನಲ್ಲಿ ಬೋಲ್ಟ್ ಬಿಗಿಯೋದು ಮಾತ್ರ. ಕಾಂಕ್ರೀಟಿನ ಹೆಚ್ಚಿನ ಕೆಲಸ ಬಯಲಲ್ಲೇ. ಇಲ್ಲಿ ಈಗ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ನಿಯಮ ಬರುವ ಮುಂಚೆ ಎದ್ದ ಮಹಡಿಗಳಲ್ಲೇ ನಮ್ಮಲ್ಲಿ ಬಹಳ ಜನ ಬಾಡಿಗೆಗಿದ್ದೇವೆ. ಯಾವ ತೊಲೆ ಅಗ್ಗ ಎಂಬ ಲೆಕ್ಕದಲ್ಲಿ ಯಾರ ಬೆವರು ಅಗ್ಗ ಎಂಬ ಲೆಕ್ಕವೂ ಸೇರಿಕೊಂಡಿರುತ್ತೆ.

ಈಗ ಕಾಲ ಬದಲಾಗಿದೆ. ಮುಸಫ್ಫಾದ ಎಮಿರೇಟ್ಸ್ ಸ್ಟೀಲ್ 2012ರಲ್ಲಿ ಭಾರೀ ತೊಲೆಗಳ ಮಿಲ್ಲು ಶುರು ಮಾಡಿತು. ಬ್ರಿಟಿಷ್ ಯುಬಿ, ಯೂರೋಪಿನ ಐಪಿಇ, ಎಚ್‌ಇಬಿ ಅಳತೆಗಳು ಇಲ್ಲೇ ಉರುಳುತ್ತವೆ. 18 ಡಿಗ್ರಿ ವಾಲಿದ ಕ್ಯಾಪಿಟಲ್ ಗೇಟ್ ನೇರ ಕಂಬಗಳ ಬದಲು ಉಕ್ಕಿನ ಓರೆ ಜಾಲದ ಮೇಲೆ ನಿಂತಿದೆ. 2017ರಲ್ಲಿ ತೆರೆದ ಲೂವ್ರ್ ಮ್ಯೂಸಿಯಮ್ಮಿನ 180 ಮೀಟರ್ ವ್ಯಾಸದ ಗುಮ್ಮಟ ಕಟ್ಟಿದ್ದು ಮತ್ತದೇ ವಾಗ್ನರ್ ಬಿರೋ. ದುಬೈನ ಬುರ್ಜ್ ಖಲೀಫಾದಲ್ಲೂ ನೋಡಿ, 828 ಮೀಟರಿನಲ್ಲಿ ಬಹುಪಾಲು ಕಾಂಕ್ರೀಟು, ತುದಿ ಮಾತ್ರ ಉಕ್ಕು. ಯಾವುದು ಮೇಲು ಎಂಬ ಜಗಳವನ್ನು ಅಲ್ಲಿ ಎತ್ತರವೇ ತೀರ್ಮಾನ ಮಾಡಿದೆ.

ಹತ್ತೊಂಬತ್ತನೇ ಗೇಟು

ಟೇಬಲ್ಲಿನ ಯಾವ ಸಾಲೂ ಸಾಲದೇ ಹೋದಾಗ ಏನು ಮಾಡ್ತೀರಿ? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟು ತುಂಬಿತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ರೈತರ ಇಡೀ ವರ್ಷ ಆ ಕಂಡಿಯಿಂದ ಹರಿದು ಹೋಗುತ್ತಿತ್ತು.

ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆದ ಉಪಾಯ ಹೀಗೆ: 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ಅಡ್ಡಪಟ್ಟಿಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಕಂಡಿ ಮುಚ್ಚೋದು. ಪ್ರತಿ ಪಟ್ಟಿಯೂ ಪಕ್ಕಕ್ಕೆ ಮಲಗಿದ ತೊಲೆ, ಅದರ ಮೇಲೆ ಕೂತ ಭಾರ ನೀರು. ನಾನು ಲೆಕ್ಕ ಹಾಕಿ ನೋಡಿದೆ. ನೀರು 20 ಅಡಿ ತುಂಬಿದ್ದರೆ ಅತಿ ಕೆಳಗಿನ ಪಟ್ಟಿಯ ಮೇಲೆ ಸುಮಾರು 120 ಟನ್ ಒತ್ತಡ. ಅದನ್ನು ಹಳೇ ಟೇಬಲ್ಲಿನ ಐಎಸ್‌ಎಂಬಿ ಸಾಲಿನ ಅತಿ ದೊಡ್ಡ ತೊಲೆ ಐಎಸ್‌ಎಂಬಿ 600ರಿಂದ ತಡೆಯಬೇಕೆಂದರೆ ಐದಾರು ತೊಲೆ ಬೇಕು, ಅವನ್ನು ನಾಲ್ಕಡಿಯಲ್ಲಿ ಒತ್ತೊತ್ತಾಗಿ ತುರುಕಬೇಕು. ಇಂಥ ಕಡೆ ಮಿಲ್ಲಿನ ತೊಲೆ ಬಿಟ್ಟು ತಟ್ಟೆಗಳನ್ನು ಬೆಸೆದು ಬೇಕಾದ ಆಕಾರ ಕಟ್ಟಿಕೊಳ್ಳೋದೇ ದಾರಿ. ತೊಲೆಗಳಲ್ಲಿ ಇದು ಮೂರನೇ ಜಾತಿ. ಇದಕ್ಕೆ ಮಿಲ್ಲು ಬೇಡ, ವೆಲ್ಡರ್ ಬೇಕು.

ಹೊಸಪೇಟೆ ಸುತ್ತಲಿನ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ, ತೋರಣಗಲ್ಲಿನ ಜಿಂದಾಲ್‌ನಲ್ಲಿ ರಾತ್ರಿ ಹಗಲು ಬೆಸೆದರು. ಆಗಸ್ಟ್ 16ಕ್ಕೆ ಮೊದಲ ಪಟ್ಟಿ ಇಳಿಯಿತು, ಮರುದಿನಕ್ಕೆ ಕಂಡಿ ಮುಚ್ಚಿತು. ಒಂದು ವಾರ. ಅಣೆಕಟ್ಟಿನ ಗೇಟುಗಳನ್ನು ಮಾಡೋಕೆ ಅಂತಲೇ ಅದೇ ಊರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. ಅದನ್ನು ಮುಚ್ಚಲು ಕೇಂದ್ರ ಸಂಪುಟ 2015ರಲ್ಲೇ ಒಪ್ಪಿಯಾಗಿತ್ತು. ಕಾರ್ಖಾನೆ ಹೋಗಿತ್ತು, ಗೇಟಿನ ಕೆಲಸ ಬಲ್ಲ ಕೈಗಳು ಊರಲ್ಲಿ ಇನ್ನೂ ಇದ್ದವು. ಇನ್ನೊಂದು ಇಪ್ಪತ್ತು ವರ್ಷ ತಡವಾಗಿದ್ದರೆ ಇರುತ್ತಿದ್ದವಾ?

ಭದ್ರಾವತಿಯ ಬಗ್ಗೆ ಆಮೇಲೆ ಹೇಳ್ತೀನಿ ಅಂದದ್ದು ಇದನ್ನೇ. ಉಕ್ಕನ್ನು ಎಲ್ಲಿಂದ ಬೇಕಾದರೂ ತರಿಸಬಹುದು, ಗ್ಲಾಸ್ಗೋದಿಂದ ತರಿಸಿದ್ದೇವೆ. ಶನಿವಾರ ರಾತ್ರಿ ಗೇಟು ಹೋದರೆ ಭಾನುವಾರ ಬೆಳಿಗ್ಗೆ ಟಾರ್ಚ್ ಹಿಡಿಯುವ ಮನುಷ್ಯನನ್ನು ತರಿಸೋಕಾಗೋದಿಲ್ಲ. ಅವನು ಊರಲ್ಲೇ ಇರಬೇಕು, ಇರೋಕೆ ಅವನಿಗೆ ವರ್ಷಪೂರ್ತಿ ಕೆಲಸ ಇರಬೇಕು. ನೀವು ಮನೆಗೋ ಅಂಗಡಿಗೋ ಗೋದಾಮಿಗೋ ತೊಲೆ ಆರಿಸುವಾಗ ಅಂತರ ಎಷ್ಟು, ಪಕ್ಕದ ಆಸರೆ ಇದೆಯಾ, ತುಕ್ಕಿಗೂ ಬೆಂಕಿಗೂ ಏನು ಮಾಡ್ತೀರಿ ಅಂತ ಖಂಡಿತ ಕೇಳಿ. ಜೊತೆಗೆ ಇದನ್ನೂ ಕೇಳಿ: ನಾಳೆ ಇದು ಕೆಟ್ಟರೆ ಸರಿಮಾಡುವವರು ನಮ್ಮೂರಲ್ಲಿ ಇದ್ದಾರಾ? ಆ ಉತ್ತರ ಯಾವ ಸ್ಟೀಲ್ ಟೇಬಲ್ಲಿನಲ್ಲೂ ಅಚ್ಚಾಗಿಲ್ಲ.